ಯಾವ ಊರವ್ವಾ ನಿಂದು?
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತು)



ಈ ಶಾಲೆ ನನಗೆ ಏನು ಕೊಟ್ಟಿತು ಎಂದು ಹೇಳಲು ಕರೆದಿದ್ದೀರಿ. ಇಲ್ಲಿ ಹತ್ತನೆಯ ತರಗತಿ, ಭಾಲ್ಕಿಯಲ್ಲಿ ಬಿ.ಇ., ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ನನ್ನ ಕಥೆ ಇಷ್ಟೇ. ಅದಕ್ಕಿಂತ ದೊಡ್ಡದು ಒಬ್ಬ ತಾಯಿಯ ಕಥೆ.

ಆಕೆ ಹೊಸಪೇಟೆ ತಾಲ್ಲೂಕಿನವರು. ಸುಮಾರು 25 ವರ್ಷಗಳ ಹಿಂದೆ ತಪ್ಪು ರೈಲು ಹತ್ತಿ ಉತ್ತರ ಭಾರತ ಸೇರಿದರು. ಮನಸ್ಸು ಸ್ಥಿಮಿತದಲ್ಲಿರಲಿಲ್ಲ, ಹಿಂದಿ ಬರುತ್ತಿರಲಿಲ್ಲ. ಕೊನೆಗೆ ಹಿಮಾಚಲ ಪ್ರದೇಶದ ಮಂಡಿ ಜಿಲ್ಲೆಯ ವೃದ್ಧಾಶ್ರಮದಲ್ಲಿ ಉಳಿದರು. ಇತ್ತ ಮಕ್ಕಳು ಅವ್ವ ತೀರಿಕೊಂಡಳೆಂದು ತಿಳಿದು ಕ್ರಿಯಾಕರ್ಮವನ್ನೂ ಮುಗಿಸಿದ್ದರು.

2024ರ ಡಿಸೆಂಬರ್‌ನಲ್ಲಿ ಆಶ್ರಮಕ್ಕೆ ಬಂದ ಅಧಿಕಾರಿಯೊಬ್ಬರಿಗೆ ಈಕೆ ಕನ್ನಡ ಮಾತ್ರ ಬಲ್ಲವರೆಂದು ತಿಳಿಯಿತು. ಪಾಲಂಪುರದಲ್ಲಿ ಉಪವಿಭಾಗಾಧಿಕಾರಿಯಾಗಿದ್ದ ಕರ್ನಾಟಕದ ನೇತ್ರಾ ಮೆಟ್ಟಿಯವರು ಫೋನಿನಲ್ಲಿ ಕನ್ನಡದಲ್ಲೇ ಮಾತಾಡಿಸಿದರು. ಮಂಡಿಯಲ್ಲಿದ್ದ ಐಪಿಎಸ್ ಅಧಿಕಾರಿ ರವಿನಂದನ್ ಆಶ್ರಮಕ್ಕೆ ಹೋಗಿ ವಿಡಿಯೊ ಮಾಡಿದರು. ಅದು ಕರ್ನಾಟಕ ತಲುಪಿತು, ಮನೆಯವರು ಸಿಕ್ಕರು, ಅದೇ ತಿಂಗಳು ತಾಯಿ ಊರಿನ ದಾರಿ ಹಿಡಿದರು. ಅವರ ನೆನಪಿನಲ್ಲಿ ಮಕ್ಕಳು ಇನ್ನೂ ಚಿಕ್ಕವರು. ಮನೆಯಲ್ಲಿ ಕಾದವರು ಬೆಳೆದು ದೊಡ್ಡವರಾದವರು.

ಇಂದು ಆಧಾರ್ ಬೆರಳಚ್ಚಿನಿಂದ ಕಳೆದುಹೋದವರ ಮನೆ ಪತ್ತೆಯಾಗುವುದುಂಟು. ಆದರೆ ಆಧಾರ್ ಶುರುವಾದದ್ದು 2010ರಲ್ಲಿ. ಅದಕ್ಕೂ ಮೊದಲೇ ಮನೆಯಿಂದ ದೂರವಾದವರ ಹಳೆಯ ವಿಳಾಸ ಅದರಲ್ಲಿ ಇರುವುದಿಲ್ಲ. ಕಂಪ್ಯೂಟರ್ ಹುಡುಕಿ ಕೊಡುವುದು ಮೊದಲೇ ತುಂಬಿಟ್ಟದ್ದನ್ನು ಮಾತ್ರ. ಈ ತಾಯಿಗೆ ಉಳಿದಿದ್ದ ಗುರುತಿನ ಚೀಟಿ ಅವರ ಮಾತೊಂದೇ.

ಇದು ನಮಗೆ ದೂರದ ಸುದ್ದಿಯಲ್ಲ. ಭಾಲ್ಕಿ ಸ್ಟೇಷನ್ನಿನಲ್ಲಿ ಒಂದು ಕಡೆಯ ರೈಲು ಹತ್ತಿದರೆ ಉದಗೀರ, ಅಲ್ಲಿ ಮರಾಠಿ. ಇನ್ನೊಂದು ಕಡೆಯದು ಹತ್ತಿದರೆ ಬೀದರ ದಾಟಿ ಜಹೀರಾಬಾದ, ಅಲ್ಲಿ ತೆಲುಗು. ಹಾಗೆಯೇ ಆಚೆಯವರೂ ದಾರಿ ತಪ್ಪಿ ನಮ್ಮ ಬಸ್ ಸ್ಟ್ಯಾಂಡಿಗೆ ಬಂದಾರು. ಮರಾಠಿ, ತೆಲುಗು, ಉರ್ದು ಕಿವಿಗೆ ಬಿದ್ದೇ ಬೆಳೆದವರು ನಾವು; ಅವರನ್ನೂ ಮಾತಾಡಿಸಬಲ್ಲೆವು.

ನಿಜಾಮರ ಕಾಲದಲ್ಲಿ ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಹಾಗೆ ಉಳಿದು ಬಂದ ಕನ್ನಡವನ್ನೇ ಈ ಶಾಲೆ ನಮ್ಮ ಕೈಗೆ ಕೊಟ್ಟಿದೆ. ಅದು ಪರೀಕ್ಷೆಯ ಅಂಕಕ್ಕಷ್ಟೇ ಅಲ್ಲ.

ಪುಣೆ, ಹೈದರಾಬಾದ, ಮುಂಬೈಯಲ್ಲಿರುವ ಗೆಳೆಯರೇ, ದಿಕ್ಕು ತಪ್ಪಿದ ಯಾರಾದರೂ ನಮ್ಮ ಮಾತು ಆಡಿದ್ದು ಕೇಳಿದರೆ ಒಂದು ಗಳಿಗೆ ನಿಲ್ಲಿರಿ. “ಯಾವ ಊರವ್ವಾ ನಿಂದು?” ಎಂದು ಕೇಳಿರಿ. ಊರು ನೆನಪಾಗದಿದ್ದರೆ ಜಾತ್ರೆ ಕೇಳಿರಿ, ಹೊಳೆ ಕೇಳಿರಿ, ಮಕ್ಕಳ ಹೆಸರು ಕೇಳಿರಿ. ಅಮರೇಶ್ವರ ಎಂದರೆ ಔರಾದ ನೆನಪಾಗಲಿ, ಮಾಂಜ್ರಾ ಎಂದರೆ ನಮ್ಮ ಜಿಲ್ಲೆಯನ್ನೂ ವಿಚಾರಿಸಿರಿ. ಆಮೇಲೆ 112ಕ್ಕೆ ಫೋನ್ ಮಾಡಿ ಪೊಲೀಸರಿಗೆ ತಿಳಿಸಿರಿ.

ವಿದ್ಯಾರ್ಥಿಗಳೇ, ನಿಮಗೊಂದು ಮನೆಗೆಲಸ. ಮರೆವು ಬಂದಿರುವ ಹಿರಿಯರು ಮನೆಯಲ್ಲಿದ್ದರೆ ಊರು, ತಾಲ್ಲೂಕು, ಫೋನ್ ನಂಬರ್ ಬರೆದ ಚೀಟಿಯನ್ನು ಇವತ್ತೇ ಅವರ ಚೀಲದಲ್ಲಿ ಇಡಿರಿ.