ಕಲಿತ ಕೈ ಮರೆಯದಿರಲಿ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು ಕಂಪ್ಯೂಟರ್ ಬಗ್ಗೆಯೇ ಮಾತಾಡುತ್ತಾನೆಂದು ನೀವು ಅಂದುಕೊಂಡಿರಬಹುದು. ನಾನು ಹೇಳಬೇಕೆಂದಿರುವುದು ಸಿಪಿಆರ್ ಬಗ್ಗೆ. ಅಂದರೆ, ಹೃದಯ ಬಡಿತ ನಿಂತವರ ಎದೆ ಒತ್ತಿ ರಕ್ತ ಓಡಾಡುವಂತೆ ಮಾಡುವ ಕ್ರಮ. ಇದರಲ್ಲಿ ಎಂಜಿನಿಯರುಗಳ ಪಾಲೂ ಇದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಿಂದ 1960ರಲ್ಲಿ ಈ ವಿಧಾನವನ್ನು ಪ್ರಕಟಿಸಿದ ಮೂವರಲ್ಲಿ ವಿಲಿಯಂ ಕೌವೆನ್‌ಹೋವೆನ್ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರು.

ಹೃದಯ ನಿಂತ 4ರಿಂದ 6 ನಿಮಿಷಗಳಲ್ಲಿ ಮಿದುಳಿಗೆ ಹಾನಿ ಶುರುವಾಗುತ್ತದೆ. ನಮ್ಮ ಹಳ್ಳಿಗಳ ದಾರಿಯಲ್ಲಿ ಆಂಬುಲೆನ್ಸ್ ಅಷ್ಟರೊಳಗೆ ಬರುವುದು ಕಷ್ಟ. ಆ ಹೊತ್ತಿನಲ್ಲಿ ಜೀವ ಹಿಡಿದು ನಿಲ್ಲಿಸಬೇಕಾದವರು ಪಕ್ಕದಲ್ಲಿರುವವರೇ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ತೀರಿಕೊಂಡಾಗ ನಾಡೆಲ್ಲ ಅತ್ತಿತು. ಜನ ತಮ್ಮ ಹೃದಯ ತೋರಿಸಿಕೊಳ್ಳಲು ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಪಕ್ಕದವರ ಹೃದಯ ನಿಂತರೆ ಏನು ಮಾಡಬೇಕೆಂಬುದನ್ನೂ ನಾವು ಕಲಿಯಬೇಕಲ್ಲವೇ?

ಯಾರಾದರೂ ಕುಸಿದುಬಿದ್ದರೆ ಭುಜ ತಟ್ಟಿ ಕೂಗಿ. ಮಾತಿಲ್ಲ, ಸರಿಯಾದ ಉಸಿರಿಲ್ಲ ಎಂದರೆ ಕೂಡಲೇ 108ಕ್ಕೆ ಫೋನ್ ಮಾಡಿಸಿ. ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಏದುಸಿರು ಬಿಟ್ಟರೆ ಅದು ಉಸಿರಾಟವಲ್ಲ. ನೆಲದ ಮೇಲೆ ಅಂಗಾತ ಮಲಗಿಸಿ, ಎದೆಯ ನಡುವೆ ಒಂದರ ಮೇಲೊಂದು ಅಂಗೈ ಇಟ್ಟು, ಮೊಣಕೈ ಮಡಿಸದೆ ಒತ್ತಿ. ನಿಮಿಷಕ್ಕೆ 100ರಿಂದ 120 ಸಲ. ದೊಡ್ಡವರಿಗಾದರೆ 5 ಸೆಂ.ಮೀ. ಆಳ, 6 ದಾಟಬಾರದು. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಬೇಕು. ಸಹಾಯ ಬರುವವರೆಗೆ ನಿಲ್ಲಿಸಬಾರದು.

ಕೇಳಲು ಇದು ಸುಲಭ. ಆದರೆ 5 ಸೆಂ.ಮೀ. ಎಂದರೆ ಎಷ್ಟು ಬಲ ಬೇಕೆಂಬುದು ತರಬೇತಿಯ ಗೊಂಬೆಯ ಮೇಲೆ ಒತ್ತಿದಾಗಲೇ ತಿಳಿಯುವುದು. ಎರಡು ನಿಮಿಷಕ್ಕೇ ತೋಳು ಸೋಲುತ್ತದೆ. ಮಗ್ಗಿಯ ಹಾಗೆ, ಅಭ್ಯಾಸ ಬಿಟ್ಟರೆ ಕೆಲವೇ ತಿಂಗಳಲ್ಲಿ ಇದೂ ಮರೆಯುತ್ತದೆ. ಅದಕ್ಕೇ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ನೀಡುವ ಪ್ರಮಾಣಪತ್ರಕ್ಕೆ 2 ವರ್ಷವಷ್ಟೇ ಅವಧಿ. ನಾನು ಎರಡು ಸಲ ನವೀಕರಿಸಿದ್ದೇನೆ. ಹಿಂದೆ ಚೆನ್ನಾಗಿ ಕಲಿತವರೂ ಅವಸರದಲ್ಲಿ ಮೇಲೆ ಮೇಲೆ ಒತ್ತಿ, ತಿದ್ದಿಸಿಕೊಳ್ಳುವುದನ್ನು ಎರಡೂ ಸಲ ಕಂಡಿದ್ದೇನೆ. ಗೋಡೆಗೆ ತೂಗುಹಾಕಿದ ಪ್ರಮಾಣಪತ್ರ ಜೀವ ಉಳಿಸುವುದಿಲ್ಲ. ಅಭ್ಯಾಸವಿರುವ ಕೈ ಉಳಿಸಬಹುದು.

ಆದ್ದರಿಂದ ಒಂದು ಬಿನ್ನಹ. ನಮ್ಮ ಬ್ಯಾಚಿನವರು ಸೇರಿ ಶಾಲೆಗೆ ತರಬೇತಿಯ ಗೊಂಬೆಯೊಂದನ್ನು ಕೊಡುತ್ತೇವೆ. ಮುಖ್ಯೋಪಾಧ್ಯಾಯರು ವರ್ಷಕ್ಕೊಂದು ದಿನ ಕೊಡಲಿ. ವೈದ್ಯರನ್ನು ಕರೆಸಿ ಹತ್ತನೇ ತರಗತಿಯ ಪ್ರತಿ ಮಗುವಿಗೂ ಕಲಿಸೋಣ. ಆ ದಿನ ಶಿಕ್ಷಕರೂ ಪೋಷಕರೂ ಹಳೆಯ ವಿದ್ಯಾರ್ಥಿಗಳಾದ ನಾವೂ ಬಂದು ಮತ್ತೆ ಅಭ್ಯಾಸ ಮಾಡೋಣ. ಮಕ್ಕಳೇ, ನೀವು ಕಲಿತದ್ದು ನಾಳೆ ನಿಮ್ಮ ಮನೆಯಲ್ಲೇ ಬೇಕಾಗಬಹುದು.