ಮುಪ್ಪನ್ನು ಕಳೆದುಕೊಂಡ ಲೋಹಗಾಜು



ಬೆಳ್ಳಿಯ ತಂತಿಯನ್ನು ಅಚ್ಚಿನಲ್ಲಿ ಎಳೆದೆಳೆದು, ಅದು ಗಡುಸಾಗಿ ಬಿರಿಯುವ ಹಂತಕ್ಕೆ ಬಂದೊಡನೆ, ಅಕ್ಕಸಾಲಿಗನು ಅದನ್ನು ಅಗ್ಗಿಷ್ಟಿಕೆಯ ಕೆಂಡದ ಮೇಲಿಟ್ಟು ಕಾಯಿಸಿ ಮತ್ತೆ ಮೆದುವಾಗಿಸುವುದನ್ನು ತಾವು ನೋಡಿರಬಹುದು. ಕಾಸಿದ ಲೋಹ ಮಣಿಯುವುದೆಂಬ ಆತನ ಅನುಭವಸಿದ್ಧವಾದ ಈ ನಂಬಿಕೆಯನ್ನು ತಲೆಕೆಳಗು ಮಾಡುವ ಲೋಹವೊಂದುಂಟು. ಅದರ ಚರಿತ್ರೆಯೇ ನನ್ನ ಇಂದಿನ ವಿಷಯ.

ವಿಚಿತ್ರವೆಂದರೆ ಆ ಚರಿತ್ರೆ ಮೊದಲಾದುದೂ ಅಕ್ಕಸಾಲಿಗನ ಇನ್ನೊಂದು ಲೋಹವಾದ ಚಿನ್ನದಿಂದಲೇ. 1960ರಲ್ಲಿ ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಯ ಪೋಲ್ ಡುವೆಜ್ ಮತ್ತು ಆತನ ಸಂಗಡಿಗರು ಚಿನ್ನ ಮತ್ತು ಸಿಲಿಕಾನ್ ಬೆರೆತ ಕರಗಿದ ಹನಿಯನ್ನು ತಣ್ಣನೆಯ ತಾಮ್ರದ ಮೇಲೆ ರಭಸದಿಂದ ಚಿಮ್ಮಿಸಿ, ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಡಿಗ್ರಿಯ ವೇಗದಲ್ಲಿ ತಣಿಸಲಾಗಿ, ಸಾಲುಗಟ್ಟಿ ಸ್ಫಟಿಕವಾಗಲು ಪರಮಾಣುಗಳಿಗೆ ವ್ಯವಧಾನವೇ ದೊರೆಯದೆ, ದ್ರವದ ಅಸ್ತವ್ಯಸ್ತ ಸ್ಥಿತಿಯಲ್ಲಿಯೇ, ಗಾಜಿನಲ್ಲಿರುವಂತೆ, ಅವು ನಿಂತುಬಿಟ್ಟವು. ಆ ಮೊದಲ ಲೋಹಗಾಜು ಅಲ್ಪಾಯು. ಕೋಣೆಯ ಬಿಸಿಯಲ್ಲಿಯೇ ಕೆಡುತ್ತಿತ್ತು.

1970ರ ದಶಕದಲ್ಲಿ, ತಿರುಗುವ ಚಕ್ರದ ಮೇಲೆ ಕರಗಿದ ಲೋಹವನ್ನು ಸುರಿದು, ಕಬ್ಬಿಣ, ಬೋರಾನ್, ಸಿಲಿಕಾನ್‌ಗಳ ಲೋಹಗಾಜಿನ ಪಟ್ಟಿಗಳನ್ನು ತೆಗೆಯತೊಡಗಿದರು. ತಲೆಗೂದಲಿಗಿಂತಲೂ ತೆಳ್ಳಗಿನ ಆ ಹೊಸ ಪಟ್ಟಿಯನ್ನು ಬೆರಳುಗಳ ನಡುವೆ ಮಡಿಸಿ ಒತ್ತಿದರೂ ಮುರಿಯದು. ಟ್ರಾನ್ಸ್‌ಫಾರ್ಮರಿಗೆ ಒದಗುವಂತೆ ಅದರ ಒಳಬಿಗಿತವನ್ನು ಕಳೆಯಲೆಂದು ಸ್ಫಟಿಕವಾಗದಷ್ಟು ಹದವಾಗಿ ಕಾಯಿಸಿ ತೆಗೆಯಿರಿ. ಕಣ್ಣಿಗೆ ಅದೇ ಹೊಳಪು, ಅದೇ ರೂಪು, ಆದರೆ ಮಡಿಸಹೋದರೆ ಪಟ್ಟೆಂದು ಮುರಿಯುತ್ತದೆ. ಅವಸರದಲ್ಲಿ ಹೆಪ್ಪುಗಟ್ಟುವಾಗ ಪರಮಾಣುಗಳ ನಡುವೆ ಉಳಿದಿದ್ದ ತೆರಪು ಬಿಸಿಯಿಂದ ಕುಗ್ಗಿ, ಅವು ಒತ್ತೊತ್ತಾಗಿ ಕುಳಿತು, ಸರಿದು ಬಾಗುವ ಶಕ್ತಿಯನ್ನು ಕಳೆದುಕೊಳ್ಳುವುದೇ ಇದಕ್ಕೆ ಕಾರಣ. ವಿಜ್ಞಾನಿಗಳು ಇದನ್ನು ಮುಪ್ಪೆಂದೇ ಕರೆಯುತ್ತಾರೆ. ಕವಿಸಮಯವೆಂದು ತಾವು ಭಾವಿಸಬಾರದು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮುರಳಿ ಮತ್ತು ರಾಮಮೂರ್ತಿಯವರು 2005ರಲ್ಲಿ ಪ್ರಕಟಿಸಿದ ಅಧ್ಯಯನವು, ಜಿರ್ಕೋನಿಯಂ ಮೂಲದ ದಪ್ಪ ಲೋಹಗಾಜು ಇಂತಹ ಕಾಸುವಿಕೆಯಿಂದ ಹೇಗೆ ಪೆಡಸಾಗುತ್ತದೆಂಬುದನ್ನು ಕುರಿತದ್ದೇ ಆಗಿತ್ತು.

ದಪ್ಪ ಗಾಜು ಸಾಧ್ಯವಾದುದರಲ್ಲಿಯೂ ಕಾಸಿ ತಣಿಸುವ ಆವೃತ್ತಿಗೆ ಪಾಲುಂಟು. 1984ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಟರ್ನ್‌ಬುಲ್, ಕುಯ್ ಮತ್ತು ಗ್ರಿಯರ್ ಅವರು ಪಲ್ಲಾಡಿಯಂ, ನಿಕ್ಕಲ್, ರಂಜಕಗಳ ಮಿಶ್ರಣವನ್ನು ಕರಗಿದ ಬೋರಾನ್ ಆಕ್ಸೈಡಿನಲ್ಲಿ ಮುಳುಗಿಸಿ, ಪುನಃ ಪುನಃ ಕಾಸಿ ತಣಿಸಿ, ಸ್ಫಟಿಕಕ್ಕೆ ಬೀಜವಾಗುವ ಕಶ್ಮಲವನ್ನು ಕಳೆದು, ಒಂದು ಸೆಂಟಿಮೀಟರ್ ದಪ್ಪದ ಗಾಜನ್ನು ಪಡೆದರು.

ಆ ಗ್ರಿಯರ್ ಅವರೇ ಕೇಂಬ್ರಿಜ್‌ನಲ್ಲಿದ್ದಾಗ, 2015ರಲ್ಲಿ, ಕೆಟೋವ್ ಮೊದಲಾದ ಸಹೋದ್ಯೋಗಿಗಳೊಡನೆ ಇನ್ನೊಂದು ಕೌತುಕವನ್ನು ಪ್ರಕಟಿಸಿದರು. ಲೋಹಗಾಜನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಅದ್ದಿ, ಮೇಲೆತ್ತಿ ಕೋಣೆಯ ಬಿಸಿಗೆ ತಂದು, ಮತ್ತೆ ಅದ್ದಿ, ಹೀಗೆ ಹಲವು ಸಲ ಮಾಡಲಾಗಿ, ಅದರ ಮುಪ್ಪು ಹಿಂದೆ ಸರಿಯಿತು. ಒತ್ತಿದರೆ ಮೊದಲಿಗಿಂತ ಹೆಚ್ಚಾಗಿ ಮಣಿಯಿತು. ಗಾಜಿನ ಒಡಲು ಎಲ್ಲೆಡೆಯೂ ಒಂದೇ ಸಮನಾಗಿರುವುದಿಲ್ಲವಾದ್ದರಿಂದ, ಚಳಿಯಲ್ಲಿ ಒಂದು ಎಡೆ ಹೆಚ್ಚಾಗಿ, ಇನ್ನೊಂದು ಕಡಮೆಯಾಗಿ ಕುಗ್ಗಿ, ಅವುಗಳ ಎಳೆದಾಟದಲ್ಲಿ ಪರಮಾಣುಗಳ ಒತ್ತು ಸಡಿಲಿ, ಹೊಸದಾಗಿ ತಣಿಸಿದ ಗಾಜಿನ ಸ್ಥಿತಿಗೆ ಅದು ಹತ್ತಿರವಾಗುತ್ತದೆಂದು ಅವರ ವಿವರಣೆ. ಅಶ್ವಿನೀದೇವತೆಗಳೊಡನೆ ನೀರಿಗಿಳಿದು ಯುವಕನಾಗಿ ಎದ್ದ ಚ್ಯವನ ಮಹರ್ಷಿಗೆ ಒಂದೇ ಮುಳುಗು ಸಾಕಾಯಿತು, ಇಲ್ಲಿ ಹಾಗಲ್ಲ. ಕೆಲವು ಮಿಶ್ರಲೋಹಗಳು ಇದಕ್ಕೆ ಒಗ್ಗುವುದೇ ಇಲ್ಲ. ಕೆಲವು, ಮಿತಿಮೀರಿ ಅದ್ದಿದರೆ, ಗಳಿಸಿದ ಯೌವನವನ್ನೂ ಕಳೆದುಕೊಳ್ಳುತ್ತವೆ. ಎಷ್ಟು ಮುಳುಗಿಗೆ ಯಾವ ಗಾಜು ಹದಕ್ಕೆ ಬರುತ್ತದೆಂಬುದನ್ನು ಒಂದೊಂದು ಮಿಶ್ರಲೋಹಕ್ಕೂ ಬೇರೆ ಬೇರೆಯಾಗಿ ಪ್ರಯೋಗಿಸಿಯೇ ತಿಳಿಯಬೇಕಾಗಿದೆ.