ದುಂಡು ಭವನ, ಮೂರು ಮೂಲೆಯ ಭವನ



ಈ ಪ್ರದರ್ಶನದಲ್ಲಿರುವ ದೆಹಲಿಯ ಸಂಸತ್ ಭವನದ ಚಿತ್ರಗಳನ್ನು ನೋಡುವ ಮುನ್ನ ಒಂದು ಜಗಳದ ಕಥೆ ಕೇಳಿ. ವಾಸ್ತುಶಿಲ್ಪಿ ಹರ್ಬರ್ಟ್ ಬೇಕರ್ ಮೊದಲು ಬರೆದ ನಕ್ಷೆ ಮೂರು ಮೂಲೆಯದು. ಜೊತೆಯ ವಾಸ್ತುಶಿಲ್ಪಿ ಎಡ್ವಿನ್ ಲುಟ್ಯೆನ್ಸ್‌ಗೆ ಅದು ಹಿಡಿಸಲಿಲ್ಲ. ದುಂಡಗೇ ಇರಬೇಕೆಂದು ಹಟ ಹಿಡಿದು ಗೆದ್ದರು. 1921ರಲ್ಲಿ ಅಡಿಗಲ್ಲು, 1927ರಲ್ಲಿ ಉದ್ಘಾಟನೆ. ಸುತ್ತಲೂ 144 ಕಂಬ. 2023ರಲ್ಲಿ ಪಕ್ಕದಲ್ಲೇ ಬಿಮಲ್ ಪಟೇಲರು ವಿನ್ಯಾಸ ಮಾಡಿದ ಹೊಸ ಭವನ ತೆರೆಯಿತು. ನಿವೇಶನವೇ ಮೂರು ಮೂಲೆ, ಭವನವೂ ಹಾಗೇ. ಬೇಕರ್ ಇದ್ದಿದ್ದರೆ ಮೀಸೆಯಡಿಯಲ್ಲೇ ನಗುತ್ತಿದ್ದರು.

ಹಳೆಯದು ಮಧ್ಯಪ್ರದೇಶದ ಮೊರೇನಾ ಬಳಿಯ ದುಂಡನೆಯ ಚೌಸಠ್ ಯೋಗಿನಿ ಗುಡಿಯ ನಕಲು ಎನ್ನುವವರಿದ್ದಾರೆ. ಕಂಡರೆ ಹೌದೆನಿಸುತ್ತದೆ, ದಾಖಲೆ ಮಾತ್ರ ಇಲ್ಲ. ನೀವು ಆ ಚರ್ಚೆ ಬಿಟ್ಟು ಜಾಲಂಧ್ರಗಳನ್ನೂ ಬಿಸಿಲು ತಡೆಯಲು ಮುಂಚಾಚಿದ ಛಜ್ಜಾಗಳನ್ನೂ ನೋಡಿ. ದೆಹಲಿಯ ಬಿಸಿಲು ಯಾವ ಸಾಹೇಬನ ಮಾತನ್ನೂ ಕೇಳುವುದಿಲ್ಲ!

ಹೊಸ ಭವನದ ದ್ವಾರಗಳಲ್ಲಿ ಗಜ, ಅಶ್ವ, ಗರುಡ, ಮಕರ, ಶಾರ್ದೂಲ, ಹಂಸ ಇವೆ. ಹಳೇಬೀಡಿನಲ್ಲಿ ಆನೆ, ಕುದುರೆ, ಮಕರ, ಹಂಸ ಸಾಲುಸಾಲಾಗಿ ಗುಡಿಯನ್ನೇ ಸುತ್ತುತ್ತವೆ; ನಾವೂ ಅವುಗಳ ಜೊತೆ ಸುತ್ತುತ್ತೇವೆ. ಇಲ್ಲಿ ಅವು ದ್ವಾರಪಾಲಕರಂತೆ ನಿಂತಿವೆ. ನನ್ನ ಕಣ್ಣಿಗೆ ಇದು ತುಸು ಬಿಗಿ.

ನನಗೆ ಬಲು ಇಷ್ಟವಾದದ್ದು ಸಂಸತ್ತಿನ ಅಂಗಳದ ಗಾಂಧಿ. ರಾಮ್ ಸುತಾರರು ಕಂಚಿನಲ್ಲಿ ಮಾಡಿದ ಧ್ಯಾನಸ್ಥ ಮೂರ್ತಿ, 16 ಅಡಿ, 1993ರಲ್ಲಿ ಅನಾವರಣವಾಯಿತು. ನಮ್ಮ ಬೆಂಗಳೂರು ವಿಮಾನ ನಿಲ್ದಾಣದ 108 ಅಡಿಯ ಕೆಂಪೇಗೌಡರೂ ಅವರ ಕೈಕೆಲಸವೇ. ಗೌಡರನ್ನು ಕತ್ತೆತ್ತಿ ನೋಡಬೇಕು. ಗಾಂಧಿಯ ಮುಂದೆ ಮಾತ್ರ ಎಲ್ಲ ಪಕ್ಷದ ಸಂಸದರೂ ಫಲಕ ಹಿಡಿದು, ಘೋಷಣೆ ಕೂಗಿ ನಿಂತವರೇ. ಸರ್ಕಾರಗಳು ಬದಲಾದಂತೆ ಕೂಗುವವರು ಬದಲಾದರು, ಜಾಗ ಅದೇ ಇತ್ತು. ಆ ಜಾಗದ ಈ ಅರ್ಥ ಸುತಾರರು ಕೆತ್ತಿದ್ದಲ್ಲ, ಜನಪ್ರತಿನಿಧಿಗಳ ಬಳಕೆಯಿಂದ ಬಂದದ್ದು. 2024ರಲ್ಲಿ ಆ ಮೂರ್ತಿಯನ್ನು ಉಳಿದ ಪ್ರತಿಮೆಗಳ ಜೊತೆ ಆವರಣದ ಪ್ರೇರಣಾ ಸ್ಥಳಕ್ಕೆ ಸಾಗಿಸಿದರು. ಪ್ರತಿಮೆ ಅದೇ, ಆದರೆ ಶಿಲ್ಪ ಅದೇ ಎನ್ನಲು ನನಗೆ ಮನಸ್ಸಿಲ್ಲ.

ಸಂಘಟಕರಲ್ಲಿ ಒಂದು ಕೋರಿಕೆ. ಗಾಂಧಿ ಮೂರ್ತಿಯ ಹಳೆಯ ಜಾಗದ ಚಿತ್ರ ಮೊದಲ ಗೋಡೆಯಲ್ಲಿದೆ, ಹೊಸ ಜಾಗದ್ದು ಕೊನೆಯಲ್ಲಿ. ಸಂಜೆಯೊಳಗೆ ಎರಡನ್ನೂ ಅಕ್ಕಪಕ್ಕ ತೂಗುಹಾಕಿ, ನೋಡಿದವರು ವಾದ ಮಾಡಲಿ. ಪ್ರದರ್ಶನ ತೆರೆದಿದೆ, ಬನ್ನಿ.